ಗುಜರಿ ಕಾರಿನ ಸಬ್‌ವೂಫರ್, ಮನೆಯ ಸ್ಟೀರಿಯೊ: ಜೋಡಿಸೋದು ಹೇಗೆ?

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ಹೋಗೋ ಸಂಜೆ ಟ್ರೇನಿನಲ್ಲಿ ನಾವು ಮೂವರು ಹನ್ನೆರಡು ಇಂಚಿನ ಸಬ್‌ವೂಫರ್ ಡಬ್ಬಾನ ಬಾಗಿಲ ಹತ್ತಿರ ಇಟ್ಕೊಂಡು ನಿಂತಿದ್ವಿ. ಬಂಗಾರಪೇಟೆಯ ಒಂದು ಗುಜರಿ ಅಂಗಡಿಗೆ ಬಂದಿದ್ದ ಹಳೇ ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ ಇತ್ತು, ಸೀಟಿನ ಕೆಳಗೆ ಅದರ ಆಂಪ್ಲಿಫೈಯರ್ ಇತ್ತು. ಕಾರು ತೂಕಕ್ಕೆ ಹೋಯ್ತು, ಇವೆರಡು ಚೌಕಾಸಿ ಮಾಡಿದ್ಮೇಲೆ ನಮ್ಮ ಪಾಲಿಗೆ ಬಂದವು. ಮನೆಯಲ್ಲಿ ಅಪ್ಪನ ಕಾಲದ ಸ್ಟೀರಿಯೊ ರಿಸೀವರ್ ಒಂದಿದೆ, ಎರಡು ಸ್ಪೀಕರ್ ಚೆನ್ನಾಗೇ ಹಾಡ್ತವೆ, ಆದರೆ ತಮಟೆ ಏಟು ಬಂದ್ರೆ ಡಬ್ಬ ತಟ್ಟಿದ ಹಾಗೆ ಕೇಳುತ್ತೆ. ಹಾಗಾದ್ರೆ ಕಾರಿನ ಸಬ್ ಮನೆಗೆ ಹಾಕೋಣ ಅಂತ ಹೊರಟ್ವಿ.

ಎರಡು ವೈರ್ ಸೇರಿಸಿದ್ರೆ ಮುಗೀತು ಅಂದುಕೊಂಡಿದ್ವಿ. ಮುಗಿಯೋಕೆ ಮೂರು ವಾರ ಹಿಡೀತು. ಮಧ್ಯೆ ಒಂದು ಪವರ್ ಸಪ್ಲೈ ಸೋತಿತು, ಒಂದು ಸಲ ನಮ್ಮವನ ತಮ್ಮನ ಕೈ 230 ವೋಲ್ಟ್‌ಗೆ ಬೆರಳಷ್ಟು ದೂರದಲ್ಲಿ ನಿಂತಿತು, ಕೊನೆಗೆ ಪಕ್ಕದ ಮನೆಯ ಪಾಟಿಯೊಬ್ಬರು ಹೆದರಿ ಬೀದಿಗೆ ಬಂದರು. ಎರಡನೇ ಸೆಮಿಸ್ಟರ್‌ನಲ್ಲಿ ಓದಿದ ಬೇಸಿಕ್ ಎಲೆಕ್ಟ್ರಿಕಲ್ ಅಷ್ಟೂ ಇದರಲ್ಲಿ ಬಂತು. ನೀವು ಮಾಡೋದಾದ್ರೆ ನಮ್ಮ ತಪ್ಪುಗಳನ್ನ ಬಿಟ್ಟು ಮಾಡಿ ಅಂತ ಇದನ್ನ ಬರೀತಿದ್ದೇವೆ.

ಸಬ್‌ವೂಫರನ್ನ ನೇರವಾಗಿ ರಿಸೀವರ್‌ಗೆ ಸಿಕ್ಕಿಸಿದ್ರೆ?

ಎಲ್ಲರಿಗೂ ಮೊದಲು ಬರೋ ಯೋಚನೆ ಇದೇ. ಕಾರಿನ ಆಂಪ್ ಬೇಡ, ಸಬ್‌ನ ಎರಡು ವೈರನ್ನ ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಾಕಿಬಿಡೋಣ. ಹಾಕಬೇಡಿ. ಎರಡು ಕಾರಣ ಇವೆ.

ಒಂದು, ಓಮ್. ಮನೆಯ ರಿಸೀವರ್ ಹಿಂದೆ ಸಾಮಾನ್ಯವಾಗಿ 6 ಅಥವಾ 8 ಓಮ್ ಅಂತ ಬರೆದಿರುತ್ತೆ. ಕಾರಿನ ಸಬ್ 4 ಓಮ್, ಕೆಲವು 2 ಓಮ್. ಓಮ್ ಅರ್ಧ ಆದ್ರೆ ಅದೇ ವೋಲ್ಟೇಜ್‌ಗೆ ಕರೆಂಟ್ ಎರಡರಷ್ಟು. ರಿಸೀವರ್ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತೆ, ಪ್ರೊಟೆಕ್ಷನ್ ಇಲ್ಲದ ಸೆಟ್ ಆದ್ರೆ ಔಟ್‌ಪುಟ್ ಐಸಿ ಸುಟ್ಟು ಹೋಗುತ್ತೆ.

ಎರಡು, ಫಿಲ್ಟರ್. ಸ್ಪೀಕರ್ ಟರ್ಮಿನಲ್‌ನಿಂದ ಬರೋದು ಹಾಡು, ಮಾತು, ಬಾಸ್ ಎಲ್ಲಾ ಸೇರಿದ ಸಿಗ್ನಲ್. ಸಬ್‌ಗೆ ಬೇಕಾಗಿರೋದು ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದು ಮಾತ್ರ. ಆ ಸೋಸುವ ಕೆಲಸ ಮಾಡೋದು ಕಾರಿನ ಆಂಪ್ ಒಳಗಿರೋ ಲೋ ಪಾಸ್ ಫಿಲ್ಟರ್. ಹಾಗಾಗಿ ಆಂಪ್ ಬೇಕೇ ಬೇಕು.

ಇನ್ನೊಂದು ಪ್ರಶ್ನೆ. ಕಾರಿನ ಬ್ಯಾಟರಿ ಇರೋದೇ 12 ವೋಲ್ಟ್, ಅದರಲ್ಲಿ ಅಷ್ಟು ಶಬ್ದ ಹೇಗೆ ಬರುತ್ತೆ? ಲೆಕ್ಕ ಹಾಕಿ ನೋಡಿ. 14.4 ವೋಲ್ಟ್ ಸಪ್ಲೈಯನ್ನ ಬ್ರಿಡ್ಜ್ ಮಾಡಿದ್ರೂ ಸೈನ್ ವೇವ್‌ನ ಪೀಕ್ 14.4 ವೋಲ್ಟ್ ದಾಟಲ್ಲ. 4 ಓಮ್‌ಗೆ ಪವರ್ ಅಂದ್ರೆ 14.4ರ ವರ್ಗ ಭಾಗಿಸು 8, ಸುಮಾರು 26 ವ್ಯಾಟ್. ಅದೂ ಐಸಿ ಒಳಗೆ ಏನೂ ನಷ್ಟ ಇಲ್ಲ ಅಂದ್ಕೊಂಡ್ರೆ. ಡ್ಯಾಶ್‌ಬೋರ್ಡ್ ಸ್ಟೀರಿಯೊ ಮೇಲೆ ‘50 ವ್ಯಾಟ್ × 4’ ಅಂತ ಬರೆದಿರೋದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಇದರಲ್ಲೇ ಗೊತ್ತಾಗುತ್ತೆ. ನೂರಾರು ವ್ಯಾಟ್ ಕೊಡೋ ಕಾರ್ ಆಂಪ್ ಒಳಗೆ ಒಂದು ಡಿಸಿ–ಡಿಸಿ ಕನ್ವರ್ಟರ್ ಇರುತ್ತೆ. 12 ವೋಲ್ಟನ್ನ ಅದು ಮೇಲಕ್ಕೆತ್ತಿ, ಪ್ಲಸ್ ಒಂದು ಮೈನಸ್ ಒಂದು ಅಂತ ಎರಡು ದೊಡ್ಡ ವೋಲ್ಟೇಜ್ ಮಾಡಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಕೊಡುತ್ತೆ. ವೋಲ್ಟೇಜ್ ಮೇಲೆ ಹೋಗ್ಬೇಕು ಅಂದ್ರೆ 12 ವೋಲ್ಟ್ ಕಡೆಯಿಂದ ಕರೆಂಟ್ ಜಾಸ್ತಿ ಎಳೀಬೇಕು. ನಮ್ಮ ತಲೆನೋವೆಲ್ಲಾ ಈ ಕರೆಂಟಿನದ್ದೇ.

ಲೇಬಲ್ ಬಿಡಿ, ಫ್ಯೂಸ್ ನೋಡಿ

ನಮ್ಮ ಆಂಪ್ ಮೇಲೆ ದೊಡ್ಡ ಅಕ್ಷರದಲ್ಲಿ ‘1000 ವ್ಯಾಟ್’ ಅಂತ ಇತ್ತು. ಪಕ್ಕದಲ್ಲಿ ಸಿಕ್ಕಿಸಿದ್ದ ಫ್ಯೂಸ್ ಮೇಲೆ 25 ಅಂತ ಇತ್ತು. ಫ್ಯೂಸ್ ಸುಳ್ಳು ಹೇಳಲ್ಲ.

ಓಡ್ತಿರೋ ಕಾರಿನ ವೋಲ್ಟೇಜ್ ಸುಮಾರು 13.8. ಆಂಪ್ ಒಳಗೆ ಹೋಗೋ ಪವರ್ 25 × 13.8 = 345 ವ್ಯಾಟ್. ಕ್ಲಾಸ್ ಎಬಿ ಆಂಪ್ ಆದ್ರೆ ದಕ್ಷತೆ ಸುಮಾರು ಶೇ. 60 ಅಂತ ಹಿಡೀರಿ. ಹೊರಗೆ ಬರೋದು ಸುಮಾರು 207 ವ್ಯಾಟ್, ಉಳಿದಿದ್ದು ಬಿಸಿ. ಕ್ಲಾಸ್ ಡಿ ಆದ್ರೆ ಶೇ. 80ರ ಆಸುಪಾಸು ಸಿಗುತ್ತೆ. ಅಂದ್ರೆ ನಮ್ಮ ‘ಸಾವಿರ ವ್ಯಾಟ್’ ಆಂಪ್ ನಿಜಕ್ಕೂ 200 ವ್ಯಾಟಿಂದು. ಬೇಜಾರಾಗಬೇಡಿ, ಹತ್ತಡಿ ಕೋಣೆಗೆ ಅದರ ಅರ್ಧ ಸಾಕು. ಮುಂದೆ ನೋಡ್ತೀರಿ.

12 ವೋಲ್ಟ್ ಎಲ್ಲಿಂದ ತರೋದು?

ಮೊದಲು ನಾವು ಹಾಕಿದ್ದು ಹಳೇ ಕಂಪ್ಯೂಟರ್‌ನ ಎಸ್‌ಎಂಪಿಎಸ್. ಹಸಿರು ವೈರನ್ನ ಕಪ್ಪು ವೈರಿಗೆ ಸೇರಿಸಿದ್ರೆ ಅದು ಆನ್ ಆಗುತ್ತೆ, ಹಳದಿ ವೈರಲ್ಲಿ 12 ವೋಲ್ಟ್ ಬರುತ್ತೆ. ಮೇಲೆ 450 ವ್ಯಾಟ್ ಅಂತ ಬರೆದಿತ್ತು. ಹಾಡು ಬಂತು, ಆದರೆ ಪ್ರತಿ ತಮಟೆ ಏಟಿಗೂ ಸಬ್ ಟಕ್ ಅಂತ ನಿಂತು ಮತ್ತೆ ಶುರುವಾಗ್ತಿತ್ತು. ಸ್ಟಿಕ್ಕರ್ ತಿರುಗಿಸಿ ಓದಿದ್ವಿ: 12 ವೋಲ್ಟ್ ಸಾಲಿನಲ್ಲಿ 14 ಆಂಪಿಯರ್ ಮಾತ್ರ. 12 × 14 = 168 ವ್ಯಾಟ್. ಮಿಕ್ಕಿದ್ದು 5 ವೋಲ್ಟ್, 3.3 ವೋಲ್ಟ್ ಸಾಲುಗಳ ಲೆಕ್ಕ, ನಮಗೆ ಉಪಯೋಗ ಇಲ್ಲ. ಜೊತೆಗೆ ಇಂಥ ಹಳೇ ಸಪ್ಲೈಗಳು 5 ವೋಲ್ಟ್ ಸಾಲಿನಲ್ಲಿ ಲೋಡ್ ಇಲ್ಲದಿದ್ರೆ 12 ವೋಲ್ಟನ್ನ ಸರಿಯಾಗಿ ಹಿಡಿದಿಡಲ್ಲ. ಎರಡನೇ ದಿನ ಅದು ಪೂರ್ತಿ ಸುಮ್ಮನಾಯ್ತು. ಬಿಚ್ಚಿ ನೋಡೋಣ ಅಂತ ನಮ್ಮಲ್ಲೊಬ್ಬ ಸ್ಕ್ರೂಡ್ರೈವರ್ ತಂದ, ಬೇಡ ಅಂದ್ವಿ. 230 ವೋಲ್ಟ್ ಎಸಿಯ ಪೀಕ್ 325 ವೋಲ್ಟ್, ಆ ಮಟ್ಟದ ಡಿಸಿ ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ನಿಂತಿರಬಹುದು.

ಆಮೇಲೆ ಬೆಂಗಳೂರಿಗೆ ಹೋಗಿ ಎಸ್‌.ಪಿ. ರೋಡಲ್ಲಿ ಸುತ್ತಾಡಿ ತಂದಿದ್ದು, ಎಲ್‌ಇಡಿ ಸ್ಟ್ರಿಪ್ ಲೈಟಿಗೆ ಹಾಕ್ತಾರಲ್ಲ, ತೂತು ತೂತಿನ ತಗಡಿನ ಡಬ್ಬ, ಆ ಎಸ್‌ಎಂಪಿಎಸ್. 12 ವೋಲ್ಟ್, 30 ಆಂಪಿಯರ್, 360 ವ್ಯಾಟ್. ಅದರಲ್ಲಿ ಒಂದು ಚಿಕ್ಕ ಪ್ರೀಸೆಟ್ ಇರುತ್ತೆ, ತಿರುಗಿಸಿ 13 ವೋಲ್ಟ್ ಹತ್ತಿರಕ್ಕೆ ಏರಿಸಬಹುದು. ಬರೆದಿರೋ ಕರೆಂಟಿನ ಶೇ. 80ರಷ್ಟನ್ನ ಮಾತ್ರ ನಂಬಿ, ಅಂದ್ರೆ 24 ಆಂಪಿಯರ್. ನಮಗೆ ಸಾಕಾಯ್ತು.

‘ಮನೆಯಲ್ಲಿ ಯುಪಿಎಸ್ ಬ್ಯಾಟರಿ ಇದೆಯಲ್ಲ, ಅದರಿಂದಲೇ ತಗೊಂಡ್ರೆ?’ ಅಂತ ಕೇಳಬಹುದು. ಅದನ್ನ ಮುಟ್ಟಬೇಡಿ. ಅಂಥ ಬ್ಯಾಟರಿ ಶಾರ್ಟ್ ಆದ್ರೆ ನೂರಾರು ಆಂಪಿಯರ್ ಸುರಿಯುತ್ತೆ, ಸ್ಪ್ಯಾನರ್ ಕೂಡ ಕೆಂಪಗಾಗುತ್ತೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಕಿಡಿ ಹಾರೋ ಪ್ರಯೋಗ ಅದರ ಪಕ್ಕ ಬೇಡ.

ಕಾರಿನವರು ಹಾಕೋ 1 ಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಸಣ್ಣ ಎಸ್‌ಎಂಪಿಎಸ್ ಸಾಕಾಗುತ್ತಾ ಅನ್ನೋದೂ ಕೇಳಿ ಬರೋ ಪ್ರಶ್ನೆ. ವೋಲ್ಟೇಜ್ 13ರಿಂದ 11ಕ್ಕೆ ಇಳಿಯೋವರೆಗೆ ಅದು ಕೊಡೋ ಶಕ್ತಿ ½ × 1 × (169 − 121) = 24 ಜೂಲ್. 345 ವ್ಯಾಟ್ ಎಳೆಯೋ ಆಂಪಿಗೆ ಅದು 0.07 ಸೆಕೆಂಡಿನ ಊಟ. ಒಂದು ಉದ್ದದ ಬಾಸ್ ನೋಟಿಗೂ ಸಾಲಲ್ಲ. ಜೊತೆಗೆ ಖಾಲಿ ಕೆಪಾಸಿಟರ್ ಆನ್ ಮಾಡಿದ ಕ್ಷಣ ಎಸ್‌ಎಂಪಿಎಸ್‌ಗೆ ಶಾರ್ಟ್ ಥರ ಕಾಣುತ್ತೆ, ಅದು ಟ್ರಿಪ್ ಆಗುತ್ತೆ. ಆ ದುಡ್ಡನ್ನ ದೊಡ್ಡ ಎಸ್‌ಎಂಪಿಎಸ್‌ಗೇ ಹಾಕಿ.

ಈಗ ತಮ್ಮನ ವಿಷಯ. ಈ ತಗಡಿನ ಡಬ್ಬದಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಸ್ಕ್ರೂಗಳೂ 12 ವೋಲ್ಟ್ ಸ್ಕ್ರೂಗಳೂ ಒಂದೇ ಸಾಲಿನಲ್ಲಿ ಇರ್ತವೆ. ನಾವು ನೆಲದ ಮೇಲೆ ಹಾಗೇ ಬಿಟ್ಟಿದ್ವಿ. ‘ಹನ್ನೆರಡು ವೋಲ್ಟ್ ತಾನೆ, ಏನಾಗಲ್ಲ’ ಅಂತ ನಾವೇ ಆಡಿದ ಮಾತು ಕೇಳಿಸ್ಕೊಂಡಿದ್ದ ಹುಡುಗ ಸೀದಾ ಕೈ ಹಾಕೋಕೆ ಬಂದ. ಅಮ್ಮ ಕೂಗಿದ್ದಕ್ಕೆ ನಿಂತ. ಅವತ್ತೇ ಡಬ್ಬಕ್ಕೆ ಗಾಳಿ ಆಡೋ ಹಾಗೆ ತೂತು ಕೊರೆದ ಮುಚ್ಚಳ ಹಾಕಿದ್ವಿ, ಮೂರು ಪಿನ್ನಿನ ಪ್ಲಗ್ ಹಾಕಿ ಅರ್ಥ್ ವೈರನ್ನ ತಗಡಿಗೆ ಬಿಗಿದ್ವಿ, ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ನಿಜಕ್ಕೂ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿದ್ವಿ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ತೋರಿಕೆಗೆ ಇರೋದುಂಟು. ಈ ಕೆಲಸ ಮೊದಲು, ಹಾಡು ಆಮೇಲೆ.

ದಪ್ಪ ವೈರ್ ಯಾಕೆ: ಶಿವನಸಮುದ್ರದ ಪಾಠ

ಕೆಜಿಎಫ್‌ನವರಿಗೆ ಈ ಪಾಠ ಊರಿನ ಚರಿತ್ರೆಯಲ್ಲೇ ಇದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟ್ ಬಂತು, ಸುಮಾರು 147 ಕಿಲೋಮೀಟರ್ ದೂರದಿಂದ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಅಷ್ಟು ದೂರ ಕರೆಂಟ್ ತರೋಕೆ ಮಾಡಿದ ಉಪಾಯ ಎಲ್ಲರಿಗೂ ಗೊತ್ತಿರೋದೇ: ವೋಲ್ಟೇಜ್ ಏರಿಸಿ ಕರೆಂಟ್ ಇಳಿಸೋದು. ವೈರಿನಲ್ಲಿ ಹಾಳಾಗೋ ಪವರ್ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಕರೆಂಟ್ ಹತ್ತನೇ ಒಂದು ಭಾಗ ಆದ್ರೆ ನಷ್ಟ ನೂರನೇ ಒಂದು ಭಾಗ.

ನಮ್ಮ ಆಂಪ್ ಇದರ ಉಲ್ಟಾ ಕೇಸ್. ಅದೇ 345 ವ್ಯಾಟ್ 230 ವೋಲ್ಟ್‌ನಲ್ಲಿ 1.5 ಆಂಪಿಯರ್, ಸಾಧಾರಣ ಪ್ಲಗ್ ವೈರ್ ಸಾಕು. 13.8 ವೋಲ್ಟ್‌ನಲ್ಲಿ ಅದೇ 25 ಆಂಪಿಯರ್. ಎಸ್‌ಎಂಪಿಎಸ್‌ನಿಂದ ಆಂಪ್‌ಗೆ ಒಂದು ಮೀಟರ್ ದೂರ ಅಂದ್ಕೊಳ್ಳಿ, ಹೋಗಿ ಬರೋಕೆ ಎರಡು ಮೀಟರ್ ತಾಮ್ರ. 1.5 ಚದರ ಮಿ.ಮೀ. ವೈರಿನ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 12 ಮಿಲಿಓಮ್. ಎರಡು ಮೀಟರಿಗೆ 24 ಮಿಲಿಓಮ್. 25 ಆಂಪಿಯರ್ ಹರಿದ್ರೆ 0.6 ವೋಲ್ಟ್ ವೈರಲ್ಲೇ ಬೀಳುತ್ತೆ, 15 ವ್ಯಾಟ್ ಬಿಸಿ ಆಗುತ್ತೆ. 6 ಚದರ ಮಿ.ಮೀ. ಹಾಕಿದ್ರೆ 0.15 ವೋಲ್ಟ್, 4 ವ್ಯಾಟ್ ಒಳಗೆ.

ಹಾಗಾಗಿ 12 ವೋಲ್ಟ್ ಕಡೆ 6 ಚದರ ಮಿ.ಮೀ. ವೈರ್, ಆದಷ್ಟು ಚಿಕ್ಕದು. ತುದಿಗೆ ಲಗ್ ಹಾಕಿ ಒತ್ತಿಸಿ, ಬರೀ ಹೊಸೆದು ಟೇಪ್ ಸುತ್ತಬೇಡಿ. ಸಡಿಲ ಜಾಯಿಂಟೇ ಮೊದಲು ಬಿಸಿಯಾಗೋದು. ಪ್ಲಸ್ ವೈರಿನಲ್ಲಿ ಎಸ್‌ಎಂಪಿಎಸ್ ಹತ್ತಿರ 25 ಆಂಪಿಯರ್ ಫ್ಯೂಸ್. ಉದ್ದ ಬೇಕು ಅನ್ನಿಸಿದ್ರೆ 230 ವೋಲ್ಟ್ ಕಡೆ ಉದ್ದ ಮಾಡಿ, 12 ವೋಲ್ಟ್ ಕಡೆ ಅಲ್ಲ. ಶಿವನಸಮುದ್ರದಿಂದ ಗಣಿಗೆ ಲೈನ್ ಎಳೆದವರು ಮಾಡಿದ್ದೂ ಇದೇ.

ಆಂಪ್‌ನಲ್ಲಿ ಮೂರು ಪವರ್ ಟರ್ಮಿನಲ್ ಇರ್ತವೆ: 12 ವೋಲ್ಟ್, ಗ್ರೌಂಡ್, ರಿಮೋಟ್. ಮೊದಲೆರಡಕ್ಕೆ ಎಸ್‌ಎಂಪಿಎಸ್‌ನ ಪ್ಲಸ್, ಮೈನಸ್. ಮೂರನೆಯದು ಕಾರಿನಲ್ಲಿ ಸ್ಟೀರಿಯೊ ಆನ್ ಆದಾಗ ಆಂಪನ್ನ ಎಬ್ಬಿಸೋ ವೈರ್. ಮನೆಯಲ್ಲಿ ಪ್ಲಸ್‌ನಿಂದ ಒಂದು ಸಣ್ಣ ಸ್ವಿಚ್ ಮೂಲಕ ಇದಕ್ಕೆ 12 ವೋಲ್ಟ್ ಕೊಡಿ. ಇದು ಎಳೆಯೋ ಕರೆಂಟ್ ತೀರಾ ಕಡಿಮೆ, ತೆಳು ವೈರ್ ಸಾಕು. ಈ ಸ್ವಿಚ್ ಹಾಕದೆ ‘ಆಂಪ್ ಸತ್ತಿದೆ’ ಅಂತ ವಾಪಸ್ ಕೊಡೋಕೆ ಹೋದವರನ್ನ ನಾವು ನೋಡಿದ್ದೇವೆ. ನಾವೂ ಹೋಗಿದ್ವಿ.

ರಿಸೀವರ್‌ನಿಂದ ಸಿಗ್ನಲ್

ರಿಸೀವರ್ ಹಿಂದೆ ತಿರುಗಿಸಿ ನೋಡಿ. ಮೂರು ಸಂದರ್ಭ ಇವೆ.

‘ಸಬ್‌ವೂಫರ್ ಪ್ರಿ ಔಟ್’ ಅಂತ ಒಂದು ಆರ್‌ಸಿಎ ಪಿನ್ ಇದ್ರೆ ನಿಮ್ಮ ಅದೃಷ್ಟ. ಒಂದು ಆರ್‌ಸಿಎ ಕೇಬಲ್, ಆಂಪ್ ಇನ್‌ಪುಟ್‌ಗೆ. ಆಂಪ್‌ನಲ್ಲಿ ಎಡ ಬಲ ಎರಡೂ ಇದ್ರೆ ವೈ ಕೇಬಲ್ ಹಾಕಿ ಎರಡಕ್ಕೂ ಕೊಡಿ. ಹೋಮ್ ಥಿಯೇಟರ್ ರಿಸೀವರ್ ಆದ್ರೆ ಈ ಪಿನ್ನಿನ ಸಿಗ್ನಲ್ ಆಗಲೇ ಸೋಸಿ ಬಂದಿರುತ್ತೆ. ಆಗ ಆಂಪ್‌ನ ಲೋ ಪಾಸ್ ಫಿಲ್ಟರನ್ನ ಆಫ್ ಮಾಡಿ, ಆಫ್ ಇಲ್ಲದಿದ್ರೆ ಮೇಲಿನ ತುದಿಗೆ ತಿರುಗಿಸಿ. ಎರಡು ಸಲ ಸೋಸಿದ್ರೆ 80 ಹರ್ಟ್ಸ್ ಹತ್ತಿರ ಒಂದು ಹಳ್ಳ ಬೀಳುತ್ತೆ.

ಪ್ರಿ ಔಟ್ ಇಲ್ಲ, ಆದರೆ ಕಾರ್ ಆಂಪ್‌ನಲ್ಲಿ ‘ಹೈ ಲೆವೆಲ್ ಇನ್‌ಪುಟ್’ ಇದೆ: ಇದು ಎರಡನೇ ಸಂದರ್ಭ. ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ನಿಂದ ಇನ್ನೊಂದು ಜೋಡಿ ವೈರ್ ತಂದು ಇಲ್ಲಿಗೆ ಕೊಡಿ. ನಿಮ್ಮ ಮಾಮೂಲು ಸ್ಪೀಕರ್‌ಗಳೂ ಅಲ್ಲೇ ಇರಲಿ. ಈ ಇನ್‌ಪುಟ್ ತುಂಬಾ ಕಡಿಮೆ ಕರೆಂಟ್ ಎಳೆಯೋದರಿಂದ ರಿಸೀವರ್‌ಗೆ ಹೊರೆ ಆಗಲ್ಲ.

ಎರಡೂ ಇಲ್ಲ ಅಂದ್ರೆ ಮೂರನೇ ಸಂದರ್ಭ, ನಮ್ಮದು ಇದೇ. ಲೈನ್ ಔಟ್‌ಪುಟ್ ಕನ್ವರ್ಟರ್ ಅನ್ನೋ ಪುಟ್ಟ ಡಬ್ಬ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಸಿಗುತ್ತೆ. ಬೆಂಗಳೂರಿನ ಜೆ.ಸಿ. ರೋಡಲ್ಲಂತೂ ಸಾಲು ಸಾಲು ಅಂಗಡಿ. ಸ್ಪೀಕರ್ ಸಿಗ್ನಲ್ ಒಳಗೆ ಹೋಗುತ್ತೆ, ಆರ್‌ಸಿಎ ಮಟ್ಟಕ್ಕೆ ಇಳಿದು ಹೊರಗೆ ಬರುತ್ತೆ. ಇದನ್ನ ಬಿಟ್ಟು ಸ್ಪೀಕರ್ ವೈರನ್ನ ನೇರ ಆರ್‌ಸಿಎ ಪಿನ್ನಿಗೆ ಬೆಸೆಯೋದು ಬೇಡ. 50 ವ್ಯಾಟ್, 8 ಓಮ್ ಅಂದ್ರೆ 400ರ ವರ್ಗಮೂಲ, 20 ವೋಲ್ಟ್. ಆರ್‌ಸಿಎ ಇನ್‌ಪುಟ್ ಕೇಳೋದು ಕೆಲವೇ ವೋಲ್ಟ್.

ಎರಡನೇ, ಮೂರನೇ ಸಂದರ್ಭದವರಿಗೆ ಒಂದು ಎಚ್ಚರಿಕೆ. ಕೆಲವು ಸೆಟ್‌ಗಳಲ್ಲಿ ಸ್ಪೀಕರ್‌ನ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಬ್ರಿಡ್ಜ್ ಔಟ್‌ಪುಟ್‌ನಲ್ಲಿ ಕೆಂಪು, ಕಪ್ಪು ಎರಡೂ ‘ಬಿಸಿ’ ತುದಿಗಳೇ. ಅಂಥ ಕಪ್ಪನ್ನ ಕಾರ್ ಆಂಪ್‌ನ ಗ್ರೌಂಡಿಗೆ ಸೇರಿಸಿದ್ರೆ ರಿಸೀವರ್ ಶಾರ್ಟ್ ಆಗುತ್ತೆ. ಪರೀಕ್ಷೆ ಸುಲಭ: ರಿಸೀವರ್ ಪ್ಲಗ್ ಕಿತ್ತು, ಸ್ಪೀಕರ್ ವೈರ್ ಬಿಚ್ಚಿ, ಮಲ್ಟಿಮೀಟರನ್ನ ಓಮ್‌ನಲ್ಲಿ ಇಡಿ. ಎಡದ ಕಪ್ಪು ಟರ್ಮಿನಲ್‌ಗೂ ಯಾವುದಾದ್ರೂ ಆರ್‌ಸಿಎ ಪಿನ್ನಿನ ಹೊರಗಿನ ಉಂಗುರಕ್ಕೂ ಮಧ್ಯೆ ಅಳೆಯಿರಿ, ಬಲಕ್ಕೂ ಹಾಗೇ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದ್ರೆ ಸಾಮಾನ್ಯ ಗ್ರೌಂಡ್. ಬರಲಿಲ್ಲ ಅಂದ್ರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರೋ ಕನ್ವರ್ಟರನ್ನೇ ಕೇಳಿ ತಗೊಳ್ಳಿ.

‘ಟೇಪ್ ಔಟ್’ ಅಥವಾ ‘ರೆಕ್ ಔಟ್’ ಕಂಡು ಖುಷಿ ಪಡಬೇಡಿ. ಆ ಸಿಗ್ನಲ್ ವಾಲ್ಯೂಮ್ ನಾಬ್‌ಗಿಂತ ಮುಂಚೆಯೇ ಹೊರಗೆ ಬರುತ್ತೆ. ನೀವು ಹಾಡನ್ನ ಸಣ್ಣಗೆ ಮಾಡಿದ್ರೂ ಸಬ್ ಮಾತ್ರ ಗುಡುಗ್ತಾನೇ ಇರುತ್ತೆ.

ಸಬ್‌ನ ಓಮ್ ಲೆಕ್ಕ

ಸಬ್‌ನ ಟರ್ಮಿನಲ್‌ಗಳನ್ನ ಎಣಿಸಿ. ಎರಡಿದ್ರೆ ಒಂದು ಕಾಯಿಲ್. ನಾಲ್ಕಿದ್ರೆ ಡ್ಯುಯಲ್ ವಾಯ್ಸ್ ಕಾಯಿಲ್. ತಲಾ 4 ಓಮ್‌ನ ಎರಡು ಕಾಯಿಲನ್ನ ಪ್ಯಾರಲಲ್ ಮಾಡಿದ್ರೆ 2 ಓಮ್, ಸೀರೀಸ್ ಮಾಡಿದ್ರೆ 8 ಓಮ್. ಒಂದೇ ಕಾಯಿಲ್‌ಗೆ ಕೊಟ್ಟು ಇನ್ನೊಂದನ್ನ ಖಾಲಿ ಬಿಡೋದು ಒಳ್ಳೇದಲ್ಲ. ಎರಡು ಚಾನೆಲ್ ಆಂಪನ್ನ ಬ್ರಿಡ್ಜ್ ಮಾಡಿದಾಗ ಬಹಳಷ್ಟು ಆಂಪ್‌ಗಳು 4 ಓಮ್‌ಗಿಂತ ಕೆಳಗೆ ಒಪ್ಪಲ್ಲ, ಟರ್ಮಿನಲ್ ಪಕ್ಕದಲ್ಲೇ ಬರೆದಿರುತ್ತೆ. ಮಲ್ಟಿಮೀಟರ್‌ನಲ್ಲಿ 4 ಓಮ್ ಸಬ್ ಮೂರೂವರೆ ಹತ್ತಿರ ತೋರಿಸಿದ್ರೆ ಗಾಬರಿ ಬೇಡ. ಅದು ಡಿಸಿ ರೆಸಿಸ್ಟೆನ್ಸ್, ಇಂಪೀಡೆನ್ಸ್‌ಗಿಂತ ಸ್ವಲ್ಪ ಕಡಿಮೆ ಇರೋದು ಸಹಜ.

ಮೊದಲ ಸಲ ಆನ್ ಮಾಡೋದು, ಗೇನ್ ಇಡೋದು

ಆರ್ಡರ್ ನೆನಪಿಡಿ. ಆನ್ ಮಾಡುವಾಗ ಮೊದಲು ಎಸ್‌ಎಂಪಿಎಸ್, ಆಮೇಲೆ ರಿಸೀವರ್, ಕೊನೆಗೆ ರಿಮೋಟ್ ಸ್ವಿಚ್. ಆಫ್ ಮಾಡುವಾಗ ಉಲ್ಟಾ, ರಿಮೋಟ್ ಸ್ವಿಚ್ ಮೊದಲು. ಇಲ್ಲಾಂದ್ರೆ ಪ್ರತಿ ಸಲ ‘ಧಡ್’ ಅಂತ ಸಬ್ ಜಿಗಿಯುತ್ತೆ.

ಗೇನ್ ನಾಬ್ ವಾಲ್ಯೂಮ್ ನಾಬ್ ಅಲ್ಲ. ರಿಸೀವರ್‌ನ ಸಿಗ್ನಲ್‌ಗೆ ಆಂಪನ್ನ ಹೊಂದಿಸೋ ಕೆಲಸ ಅದರದ್ದು. ಕಿವಿಯಲ್ಲಿ ಇಡೋಕೆ ಹೋದ್ರೆ ಎಲ್ಲರೂ ಜಾಸ್ತಿನೇ ಇಡ್ತಾರೆ. ಮಲ್ಟಿಮೀಟರ್‌ನಲ್ಲಿ ಇಡಿ. ಸಬ್ ವೈರ್ ಬಿಚ್ಚಿ, ಆಂಪ್ ಔಟ್‌ಪುಟ್‌ಗೆ ಮೀಟರನ್ನ ಎಸಿ ವೋಲ್ಟ್‌ನಲ್ಲಿ ಹಾಕಿ. ಮಾಮೂಲು ಸ್ಪೀಕರ್‌ಗಳನ್ನೂ ಈ ಹೊತ್ತಿಗೆ ಬಿಚ್ಚಿಡಿ. ಗೇನ್ ಪೂರ್ತಿ ಕೆಳಗೆ, ಬಾಸ್ ಬೂಸ್ಟ್ ಸೊನ್ನೆ. ಫೋನಿನಿಂದ 50 ಹರ್ಟ್ಸ್ ಟೋನ್ ಹಾಕಿ ರಿಸೀವರ್ ವಾಲ್ಯೂಮನ್ನ ನೀವು ಯಾವತ್ತೂ ದಾಟದ ಮಟ್ಟಕ್ಕೆ ತನ್ನಿ. ಅಗ್ಗದ ಮೀಟರ್‌ಗಳೂ 50 ಹರ್ಟ್ಸ್‌ನಲ್ಲಿ ಸರಿಯಾಗಿ ಓದ್ತವೆ, ಮನೆಯ ಕರೆಂಟ್ ಅಳೆಯೋಕೆ ಮಾಡಿದ್ದು ತಾನೆ.

ಎಷ್ಟು ವೋಲ್ಟ್‌ವರೆಗೆ ಏರಿಸೋದು? ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ನಾವು 100 ವ್ಯಾಟ್ ಸಾಕು ಅಂದ್ಕೊಂಡ್ವಿ. 100 × 4 = 400, ವರ್ಗಮೂಲ 20 ವೋಲ್ಟ್. ಗೇನ್ ನಿಧಾನಕ್ಕೆ ತಿರುಗಿಸಿ ಮೀಟರ್ 20 ತೋರಿಸಿದ ಕಡೆ ನಿಲ್ಲಿಸಿದ್ವಿ, ಮಾರ್ಕರ್‌ನಲ್ಲಿ ಗೆರೆ ಹಾಕಿದ್ವಿ. 100 ವ್ಯಾಟ್ ಹೊರಗೆ ಬರಬೇಕಾದ್ರೆ ಒಳಗೆ 167 ವ್ಯಾಟ್, 13 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್. ನಮ್ಮ ಎಸ್‌ಎಂಪಿಎಸ್‌ನ 24ರಲ್ಲಿ ಅರ್ಧಕ್ಕಿಂತ ಚೂರು ಮೇಲೆ. ಮೂರು ಗಂಟೆ ಹಾಡು ಹಾಕಿದ್ರೂ ಡಬ್ಬ ಬೆಚ್ಚಗೆ ಮಾತ್ರ ಇತ್ತು.

‘ಗುಂ’ ಅಂತ ಸದ್ದು ಬಂದ್ರೆ

ಹಾಡು ನಿಲ್ಲಿಸಿದ್ರೂ ಸಬ್‌ನಲ್ಲಿ ಸಣ್ಣಗೆ ಗುಂಯ್‌ಗುಡೋ ಸದ್ದು ಬರುತ್ತೆ ಅಂದ್ರೆ ಅದು ಗ್ರೌಂಡ್ ಲೂಪ್. ಎಸ್‌ಎಂಪಿಎಸ್ ಅರ್ಥ್‌ಗೆ ಸೇರಿದೆ, ರಿಸೀವರ್ ಇನ್ನೊಂದು ದಾರಿಯಲ್ಲಿ, ಉದಾಹರಣೆಗೆ ಟಿವಿ ಕೇಬಲ್ ಮೂಲಕ, ಅರ್ಥ್ ಮುಟ್ಟಿದೆ. ಎರಡು ದಾರಿಯ ಮಧ್ಯೆ ಆರ್‌ಸಿಎ ಕೇಬಲಿನ ಹೊರಕವಚದಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತೆ, ಸಬ್ ಅದನ್ನೇ ಹಾಡುತ್ತೆ. ಮೊದಲು ಎಲ್ಲಾ ಪ್ಲಗ್‌ಗಳನ್ನ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ. ಆಮೇಲೆ ಟಿವಿ ಕೇಬಲ್ ಕಿತ್ತು ನೋಡಿ. ಆಗಲೂ ಹೋಗದಿದ್ರೆ ಆರ್‌ಸಿಎ ಸಾಲಿನಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ತೀರಾ ಅಗ್ಗದ್ದಾದ್ರೆ ಅದೇ ಕೆಳಗಿನ ಬಾಸನ್ನ ತಿಂದುಬಿಡುತ್ತೆ, ನೋಡ್ಕೊಳ್ಳಿ. ಸದ್ದು ಹೋಗ್ಲಿ ಅಂತ ಪ್ಲಗ್‌ನ ಅರ್ಥ್ ವೈರ್ ಕತ್ತರಿಸೋ ಉಪಾಯ ಯಾರಾದ್ರೂ ಹೇಳಿಯೇ ಹೇಳ್ತಾರೆ. ಸದ್ದು ಹೋಗುತ್ತೆ ನಿಜ. ಒಂದಿನ ಫೇಸ್ ತಗಡಿಗೆ ತಾಗಿದ್ರೆ ಮನೆಯವರೂ ಹೋಗ್ತಾರೆ.

ಕಾರಲ್ಲಿದ್ದ ಗುಡುಗು ಮನೆಯಲ್ಲಿ ಎಲ್ಲಿ ಹೋಯ್ತು?

ಎಲ್ಲಾ ಸರಿಯಾಗಿ ಜೋಡಿಸಿದ ಮೇಲೂ ‘ಕಾರಲ್ಲಿ ಇದಕ್ಕಿಂತ ಜೋರಿತ್ತಲ್ಲ’ ಅನ್ನಿಸುತ್ತೆ. ಆಂಪ್ ಕೆಟ್ಟಿಲ್ಲ. ಕಾರಿನ ಒಳಗೆ ಕೆಲವೇ ಘನ ಮೀಟರ್ ಗಾಳಿ, ಗಾಜು ಏರಿಸಿದ್ರೆ ಮುಚ್ಚಿದ ಡಬ್ಬ. ಸುಮಾರು 60–70 ಹರ್ಟ್ಸ್‌ಗಿಂತ ಕೆಳಗೆ ಅಲೆಯ ಅರ್ಧ ಉದ್ದ ಕಾರಿಗಿಂತ ದೊಡ್ಡದಾಗುತ್ತೆ, ಆಗ ಸಬ್ ಇಡೀ ಗಾಳಿಯನ್ನ ಪಂಪ್ ಥರ ಒತ್ತುತ್ತೆ. ಸಿದ್ಧಾಂತದ ಪ್ರಕಾರ ಅಲ್ಲಿಂದ ಪ್ರತಿ ಆಕ್ಟೇವ್ ಕೆಳಗೆ ಇಳಿದಂತೆ 12 ಡೆಸಿಬೆಲ್‌ವರೆಗೆ ಲಾಭ. ಇದಕ್ಕೆ ಕ್ಯಾಬಿನ್ ಗೇನ್ ಅಂತಾರೆ. ಹತ್ತಡಿ ಕೋಣೆಯಲ್ಲಿ ಗಾಳಿ ಅದರ ಎಷ್ಟೋ ಪಟ್ಟು, ಬಾಗಿಲು, ಕಿಟಕಿ, ಮಾಡಿನ ಸಂದಿ ಎಲ್ಲಾ ಕಡೆ ಒತ್ತಡ ಸೋರಿ ಹೋಗುತ್ತೆ.

ಪರಿಹಾರ ಜಾಗದಲ್ಲಿದೆ. ಸಬ್ ಡಬ್ಬಾನ ಮೂಲೆಗೆ ಇಟ್ರೆ ಎರಡು ಗೋಡೆ, ನೆಲ ಸೇರಿ ಬಾಸನ್ನ ಎತ್ತಿ ಕೊಡ್ತವೆ. ಆದರೆ ಹತ್ತಡಿ ಗೋಡೆಗಳ ಮಧ್ಯೆ 343 ಭಾಗಿಸು 6.1, ಅಂದ್ರೆ ಸುಮಾರು 56 ಹರ್ಟ್ಸ್‌ನಲ್ಲಿ ನಿಂತ ಅಲೆ ಹುಟ್ಟುತ್ತೆ. ಕೋಣೆಯ ನಡುವೆ ಕೂತ್ರೆ ಆ ನೋಟ್ ಮಾಯ, ಗೋಡೆ ಪಕ್ಕ ಕೂತ್ರೆ ಎದೆಗೆ ಗುದ್ದುತ್ತೆ. ಒಂದು ಹಳೇ ಉಪಾಯ: ಸಬ್ಬನ್ನ ನೀವು ಕೂರೋ ಜಾಗದಲ್ಲಿಟ್ಟು ಬಾಸ್ ಇರೋ ಹಾಡು ಹಾಕಿ, ನೀವು ಗೋಡೆಗುಂಟ ಅಂಬೆಗಾಲಲ್ಲಿ ಸುತ್ತಿ. ಎಲ್ಲಿ ಬಾಸ್ ಸಮವಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ. ಮನೆಯವರು ನಗ್ತಾರೆ, ನಗಲಿ. ಕೊನೆಗೆ ಫೇಸ್ ಸ್ವಿಚ್ಚನ್ನ ಸೊನ್ನೆ, 180 ಎರಡರಲ್ಲೂ ಇಟ್ಟು ಕೇಳಿ, ಯಾವುದರಲ್ಲಿ ಬಾಸ್ ತುಂಬಿ ಬರುತ್ತೋ ಅದೇ ಸರಿ. ಆ ಸ್ವಿಚ್ ಇಲ್ಲದಿದ್ರೆ ಸಬ್ ವೈರಿನ ಪ್ಲಸ್ ಮೈನಸ್ ಅದಲು ಬದಲು ಮಾಡಿದ್ರೂ ಅದೇ ಫಲ.

ಪಾಟಿ ಯಾಕೆ ಬೀದಿಗೆ ಬಂದರು

ನಾವು ಇದನ್ನೆಲ್ಲಾ ಮಾಡಿದ್ದು ಚಾಂಪಿಯನ್ ರೀಫ್ ಹತ್ತಿರದ ಗಣಿ ಕಾರ್ಮಿಕರ ಹಳೇ ಲೈನ್ ಮನೆಯೊಂದರಲ್ಲಿ. ಗೋಡೆಗೆ ಗೋಡೆ ಅಂಟಿದ ಸಾಲು ಮನೆಗಳು. ಗೇನ್ ಸರಿಯಾದ ಸಂಜೆ ಖುಷಿಗೆ 35 ಹರ್ಟ್ಸ್ ಟೋನ್ ಒಂದನ್ನ ಜೋರಾಗಿ ಬಿಟ್ವಿ. ಕಿವಿಗೆ ಅಷ್ಟೇನೂ ಕೇಳಿಸಲಿಲ್ಲ, ಆದರೆ ಅಲಮಾರಿನಲ್ಲಿದ್ದ ಪಾತ್ರೆ ಕಟಕಟ ಅಂದವು, ಕಿಟಕಿ ಅದುರಿತು. ಅರ್ಧ ನಿಮಿಷದಲ್ಲಿ ಪಕ್ಕದ ಮನೆಯ ಪಾಟಿ ಹೊರಗೆ ನಿಂತಿದ್ದರು, ಮೊಮ್ಮಗಳನ್ನ ಸೊಂಟಕ್ಕೆ ಎತ್ತಿಕೊಂಡು.

ಅವರ ಗಂಡ ಕೆಳಗೆ ಇಳೀತಿದ್ದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳ. ಅಷ್ಟು ಆಳದಲ್ಲಿ ಬಂಡೆ ಮೇಲಿನ ಒತ್ತಡ ತಡೀಲಾರದೆ ಸಿಡಿಯೋದನ್ನ ರಾಕ್ ಬರ್ಸ್ಟ್ ಅಂತಾರೆ. ಅದರ ಅದುರು ಮೇಲಿನ ಮನೆಗಳಿಗೂ ಬರ್ತಿತ್ತು. ಈ ಅದುರುಗಳನ್ನ ಅಳೆದು ಅಭ್ಯಾಸ ಮಾಡೋಕೆ ಕೆಜಿಎಫ್‌ನಲ್ಲಿ ಸಿಸ್ಮಿಕ್ ಜಾಲವೇ ಇತ್ತು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಗಿದ್ದೂ ಈ ಊರಲ್ಲೇ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆದರೆ ಪಾತ್ರೆ ಅದುರಿದ್ರೆ ‘ಇವತ್ತು ಶಿಫ್ಟಲ್ಲಿ ಯಾರ್ಯಾರಿದ್ದಾರೆ’ ಅಂತ ನೆನೆಸಿಕೊಂಡು ಬೆಳೆದವರ ಮೈಯಿಂದ ಅದು ಹೋಗಿಲ್ಲ. ನಮಗೆ ಬಾಸ್ ಅನ್ನೋದು ಮಜಾ. ಅವರಿಗೆ ಅದೇ ಫ್ರೀಕ್ವೆನ್ಸಿ ಬೇರೆ ಸುದ್ದಿ ತರ್ತಿತ್ತು.

ಪಾಟಿ ಬೈಯಲಿಲ್ಲ. ‘ಪಾಟ್ಟು ತಾನಾ?’ ಅಂತ ಕೇಳಿ, ಹಾಡೇ ಅಂತ ಗೊತ್ತಾದ ಮೇಲೆ ಒಳಗೆ ಹೋದರು. ನಮಗೇ ಆ ರಾತ್ರಿ ಹಾಡು ಹಾಕೋಕೆ ಮನಸ್ಸಾಗಲಿಲ್ಲ.

ಕಾನೂನಿನ ಮಾತೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆದರೆ ಈ ಅಳತೆ ‘ಎ’ ತೂಕದ್ದು, ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದು. 50 ಹರ್ಟ್ಸ್‌ನಲ್ಲಿ ಅದು 30 ಡೆಸಿಬೆಲ್ ಕಮ್ಮಿ ಮಾಡಿ ತೋರಿಸುತ್ತೆ. ಅಂದ್ರೆ ಮೀಟರ್ 55 ಅನ್ನುವಾಗ 50 ಹರ್ಟ್ಸ್ ಟೋನಿನ ನಿಜವಾದ ಮಟ್ಟ 85. ಫೋನಿನ ಆ್ಯಪ್ ‘ಸರಿ ಇದೆ’ ಅಂದ್ರೂ ಪಕ್ಕದ ಮನೆಯ ಗೋಡೆಗೆ ಸರಿ ಇರಲ್ಲ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್, ಅದಕ್ಕೆ ಒಂದು ಇಟ್ಟಿಗೆ ಗೋಡೆ ದೊಡ್ಡ ಅಡ್ಡಿಯೇ ಅಲ್ಲ. ಸಬ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ್ರೆ ನೆಲದ ಮೂಲಕ ಹೋಗೋ ಅದುರು ಕಮ್ಮಿ ಆಗುತ್ತೆ, ಗಾಳಿಯಲ್ಲಿ ಹೋಗೋದು ಹಾಗೇ ಇರುತ್ತೆ. ಉಳಿದಿದ್ದು ವಾಲ್ಯೂಮ್ ನಾಬ್ ಮತ್ತು ಗಡಿಯಾರ.

ನಾವು ಈಗ ಮಾಡ್ಕೊಂಡಿರೋ ನಿಯಮ ಇಷ್ಟು. ಗೇನ್ ಮಾರ್ಕರ್ ಗೆರೆ ದಾಟಲ್ಲ. 40 ಹರ್ಟ್ಸ್‌ಗಿಂತ ಕೆಳಗಿನ ಟೆಸ್ಟ್ ಟೋನ್ ಮನೆಯಲ್ಲಿ ಹಾಕಲ್ಲ. ರಾತ್ರಿ ಎಂಟೂವರೆಗೆ ರಿಮೋಟ್ ಸ್ವಿಚ್ ಆಫ್, ಆಮೇಲೆ ಎರಡು ಹಳೇ ಸ್ಪೀಕರ್ ಮಾತ್ರ. ಮಲಗುವ ಮುಂಚೆ ಎಸ್‌ಎಂಪಿಎಸ್ ಪ್ಲಗ್ ಕೀಳ್ತೀವಿ.

ಹೋದ ಭಾನುವಾರ ಪಾಟಿ ತಾವಾಗಿಯೇ ಬಾಗಿಲಿಗೆ ಬಂದು ಇಳಯರಾಜ ಹಾಡು ಹಾಕೋಕೆ ಹೇಳಿದರು. ಹಾಕಿದ್ವಿ. ತಬಲಾದ ಡಗ್ಗ ಚರ್ಮದ ಮೇಲೆ ಅಂಗೈ ಜಾರೋದು ಮೊದಲ ಸಲ ಆ ಕೋಣೆಯಲ್ಲಿ ಸರಿಯಾಗಿ ಕೇಳಿಸ್ತು. ಪಾತ್ರೆಗಳು ಅದುರಲಿಲ್ಲ.